ಎಂಟು ಇಂಚು ಕಡಿಮೆ

ಜಮೀರ ಬೈಕಿನ ಸ್ಟ್ಯಾಂಡ್ ಹಾಕುವ ಮೊದಲೇ ಮುಬಾಶಿರಾ ಬೈಯಲು ಶುರು ಮಾಡಿದ್ದಳು.

“ಬರ್ರಿ ಇಂಜಿನಿಯರ್ ಸಾಹೇಬ್ರ, ಬರ್ರಿ. ನಿಮ್ಮ ವೆಬ್‌ಸೈಟು ಮಾಡಿದ ಘನಕಾರ್ಯ ಕಣ್ತುಂಬ ನೋಡ್ರಿ.”

ಕುಷ್ಟಗಿಯ ಹೊರಗೆ, ಹೈವೇ ಪಕ್ಕದ ಮರ್ದಾನಸಾಬರ ಗ್ರಾನೈಟ್ ಕಾರ್ಖಾನೆಯ ಅಂಗಳದಲ್ಲಿ ಹನ್ನೆರಡು ಗುಲಾಬಿ ಕಲ್ಲುಗಳು ಗೋಡೆಗೆ ಒರಗಿ ನಿಂತಿದ್ದವು. ಯಲಬುರ್ಗಾದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಊಟದ ಟೇಬಲ್ಲುಗಳಿಗೆಂದು ಕೊಯ್ದ ಕಲ್ಲುಗಳು. ನಿನ್ನೆ ಹೋಗಿದ್ದವು, ಇವತ್ತು ಮಂಗಳವಾರ ಬೆಳಿಗ್ಗೆ ಅದೇ ಗಾಡಿಯಲ್ಲಿ ವಾಪಸ್ಸು ಬಂದಿದ್ದವು. ಹಾಸ್ಟೆಲ್ಲಿನವರು ಕಬ್ಬಿಣದ ಚೌಕಟ್ಟುಗಳನ್ನು ಮೊದಲೇ ಮಾಡಿಸಿಟ್ಟಿದ್ದರು. ಒಂದೊಂದು ಕಲ್ಲೂ ಅದಕ್ಕೆ ಎಂಟು ಇಂಚು ಕಡಿಮೆ.

ಕಬ್ಬಿಣವಾದರೆ ಬೆಸುಗೆ ಹಾಕಿ ಉದ್ದ ಮಾಡಬಹುದು. ಕಲ್ಲನ್ನು ಯಾರು ಉದ್ದ ಮಾಡುತ್ತಾರೆ?

ಮುಬಾಶಿರಾ ಮರ್ದಾನಸಾಬರ ಒಬ್ಬಳೇ ಮಗಳು. ವರ್ಷದ ಹಿಂದೆ ಅವರ ಬಲಭುಜ ಕೈಕೊಟ್ಟ ಮೇಲೆ ಕಲ್ಲಿಗೆ ಅಳತೆಯ ಗುರುತು ಹಾಕುವ ಕೆಲಸ ಅವಳ ಪಾಲಿಗೆ ಬಂತು. ಅವಳು ಗೆರೆ ಎಳೆದ ಕಡೆ ಮಷಿನ್ ಓಡುತ್ತಿತ್ತು. ಚಾಚಾ ರಾಜಾಸಾಬರಿಗೆ ಮೊದಲ ದಿನದಿಂದಲೂ ಅದು ಸರಿಬಂದಿರಲಿಲ್ಲ. ಇವತ್ತು ಅವರಿಗೆ ಹಬ್ಬ. “ಹೆಣ್ಣುಡುಗಿ ಕೈಗೆ ಟೇಪು ಕೊಡಬ್ಯಾಡ ಅಂದಿದ್ದೆ” ಎಂದು ಅಂಗಳದ ತುಂಬ ಸಾರುತ್ತ ಓಡಾಡಿದ್ದರು. ಅಬ್ಬಾ ಅವಳ ಮುಂದೆ ಕೈ ಚಾಚಿದರು. ಅವಳು ಟೇಪನ್ನು ಆ ಕೈಯಲ್ಲಿಟ್ಟಳು.

“ಶುಕ್ರವಾರ ನಮಾಜ್ ಆದಮ್ಯಾಲೆ ನೋಡೂಣು, ಗುರುತು ಹಾಕಾವ್ರು ಯಾರಂತ” ಎಂದರು ಅವರು. “ಅಲ್ಲೀತನಕ ನೀ ಆಫೀಸಿನಾಗ ಕುಂದ್ರವ್ವ.”

ಇಷ್ಟು ಆದಮೇಲೆ ಅವಳು ಫೋನು ಮಾಡಿದ್ದಳು, ಒಂದು ತಾಸಿಗೆ ಜಮೀರ ಬಂದಿದ್ದ. ಕೊಪ್ಪಳದಲ್ಲಿ ಒಂದು ಕೋಣೆಯ ಅಂಗಡಿ ಇಟ್ಟುಕೊಂಡು ವೆಬ್‌ಸೈಟ್ ಮಾಡಿಕೊಡುವ ಹುಡುಗ. ಕಾರಟಗಿಯ ಅಕ್ಕಿ ಮಿಲ್ಲುಗಳು, ಹನುಮನಹಳ್ಳಿಯ ಲಾಡ್ಜುಗಳು, ಆನೆಗೊಂದಿಯ ಬಾಳೆನಾರಿನ ಬುಟ್ಟಿಯವರು, ಎಲ್ಲ ಸೇರಿ ಹದಿನಾರು ಸೈಟು ಅವನ ಕೈಯಲ್ಲಿದ್ದವು. ಎಂಟು ತಿಂಗಳ ಹಿಂದೆ ಈ ಕಾರ್ಖಾನೆಯ ಸೈಟು ಮಾಡಲು ಬಂದವನು ಮೊದಲ ದಿನವೇ, “ಮೇಡಂ, ನಿಮ್ಮ ರೆಪ್ಪಿ ಮ್ಯಾಲೆ ಕಲ್ಲಿನ ಪುಡಿ ಕುಂತೈತ್ರಿ” ಎಂದಿದ್ದ. “ಕುಂತ್ರ ಕುಂದ್ರವಲ್ದ್ಯಾಕ, ನಿಮ್ಮ ಮ್ಯಾಲೆ ಕುಂತಿಲ್ಲಲ್ಲ” ಎಂದಿದ್ದಳು ಇವಳು. ಆಮೇಲೆ ಆ ಬೈಕಿನ ಸದ್ದು ಕೇಳಿದಾಗಲೆಲ್ಲ ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಸುತ್ತಿ ಬಳಸಿ ಹೇಳುವುದೇಕೆ? ಅವಳಿಗೆ ಅವನು ಇಷ್ಟವಾಗಿದ್ದ. ಅದಕ್ಕೇ ಇವತ್ತಿನ ಸಿಟ್ಟು ಇಮ್ಮಡಿಯಾಗಿತ್ತು.

ಆಫೀಸಿನ ಕಂಪ್ಯೂಟರಿನ ಮುಂದೆ ಕೂತು ಜಮೀರ ಆರ್ಡರ್ ತೆಗೆದ. “ಇಲ್ಲಿ ಉದ್ದ ನಲವತ್ತಾರು ಅಂತೈತಿ. ನೀವೂ ನಲವತ್ತಾರು ಇಂಚ ಕೊಯ್ದೀರಿ. ಸೈಟಿನ ತಪ್ಪೇನೈತ್ರಿ ಇದರಾಗ?”

“ಹಾಸ್ಟೆಲ್ಲಿನ ಮೇಡಂ ಬರದದ್ದು ನಾಲ್ಕು ಫೂಟು ಆರು ಇಂಚು. ಅಂದ್ರ ಐವತ್ತನಾಲ್ಕು ಇಂಚು. ಅವರು ಬರದದ್ದರ ಫೋಟೋ ಇಟ್ಕೊಂಡಾರ, ಕಳಿಸ್ಯಾರ.”

“ಬರಿಯೋದ್ರಾಗ ತಪ್ಪಿರಬೇಕ್ರಿ.”

“ಸರೀರಿ ಆಕಡೆ.”

ಅವನು ಕುರ್ಚಿ ಸಮೇತ ಸರಿದ. ಅವಳು ನಿಂತುಕೊಂಡೇ ಹೊಸ ಆರ್ಡರ್ ತೆರೆದು, ಗಿರಾಕಿ ಬರೆದ ಹಾಗೆಯೇ ಬರೆದಳು. ನಾಲ್ಕು, ಫೂಟಿಗೆ ಒಂದು ಗೆರೆ, ಆರು, ಇಂಚಿಗೆ ಎರಡು ಗೆರೆ. ಗುಂಡಿ ಒತ್ತಿದಳು. ಪರದೆಯ ಮೇಲೆ ಬಂದದ್ದು ಬರೀ 46.

ಜಮೀರ ಕನ್ನಡಕವನ್ನು ಬೆರಳಿನ ಗೆಣ್ಣಿನಿಂದ ಮೇಲೆ ತಳ್ಳಿದ. ಅವನ ಕಿವಿ ಕೆಂಪಗಾಗುವುದನ್ನು ಅವಳು ಹತ್ತಿರದಿಂದ ನೋಡಿದಳು. ಅವನಿಗೆ ಗೊತ್ತಿತ್ತು. ಬಾಗಿಲು ದಾಟಿ ಒಳಗೆ ಬರುವ ಮೊದಲೇ ಗೊತ್ತಿತ್ತು.

“ಗೆರಿ ಎಲ್ಲಿ ಹೋದ್ವು?”

“ಅಳಿಸಿದ್ದೆ” ಎಂದ ಮೆಲ್ಲಗೆ. “ರಂಜಾನ್ ಮುಂದ ಎರಡು ದಿನ ಸೈಟ್ ಬಂದ್ ಬಿದ್ದಿತ್ತಲ್ರಿ, ಆ ಒಂಟಿ ಗೆರಿ ಬಂದಾಗೆಲ್ಲ ಹಂಗ ಆಗ್ತಿತ್ತು. ಅದಕ್ಕ, ಅಂಥಾ ಗುರುತು ಯಾವ ಬಂದ್ರೂ ಕಿತ್ತು ಒಗದು ಒಳಗ ಬಿಡು ಅಂತ ಬರದೆ. ಇಂಚಿನಾಗ ಬರೀರಿ ಅಂತ ಕೆಳಗ ಸೂಚನಾನೂ ಹಾಕೇನ್ರಿ.”

“ಆ ಇರುವಿ ಅಕ್ಷರದ್ದ? ಗಿರಾಕಿ ಬರದದ್ದನ್ನ ಅಳಸಾಕ ನಿಮಗ ಹಕ್ಕು ಕೊಟ್ಟಾವ್ರು ಯಾರು?”

ಅವನು ಕೈ ಚಾಚಿ ಆ ಹೊಸ ಆರ್ಡರನ್ನು ಮುಚ್ಚಿದ.

“ಬರ್ರಿ. ಅಬ್ಬಾನ ಮುಂದ ಇದ ಮಾತು ಹೇಳ್ರಿ.”

ಜಮೀರ ಏಳಲಿಲ್ಲ. ಪರದೆಯನ್ನೇ ನೋಡುತ್ತ ಕೂತ. “ಇವತ್ತ ಬ್ಯಾಡ್ರಿ ಮುಬಾಶಿರಾ. ಹದಿನಾರೂ ಸೈಟಿನಾಗ ನಂದು ಇದ ಕೋಡ್ ಐತಿ. ಇಲ್ಲಿ ಹೇಳಿದ್ರ ನಾಳಿ ಕಾರಟಗಿತನಕ ಸುದ್ದಿ ಹೋಗ್ತದ. ಅಂಗಡಿ ಮುಚ್ಚಬೇಕಾಗ್ತದ ನಾನು.”

“ನನ್ನ ಕೆಲಸ ಹೋದ್ರ ನಡೀತದ?”

ಅವನು ತಲೆ ಎತ್ತಿ ಒಂದು ಸಲ ಅವಳನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇತ್ತು, ನಾಚಿಕೆ ಇತ್ತು, ಅವಳಿಗೆ ಬೇಕಾದ ‘ಹೇಳ್ತೀನಿ’ ಎಂಬ ಒಂದೇ ಒಂದು ಮಾತು ಮಾತ್ರ ಇರಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟೇ ಹೋದ.

“ಹೇಡಿ!” ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಕಲ್ಲು ಕೊಯ್ಯುವ ಸದ್ದಿನಲ್ಲೂ ಅದು ಅವನಿಗೆ ಕೇಳಿಸಿತು. ಕೇಳಲೆಂದೇ ಕೂಗಿದ್ದಳು.

ಬುಧವಾರ ಅವನಿಂದ ಮೂರು ಮೆಸೇಜು ಬಂದವು. ತೆರೆಯದೆ ಅಳಿಸಿದಳು. ಗುರುವಾರ ಫೋನು ಬಂತು, ಎತ್ತಿ “ನನಗ ಯಾಕ ಮಾಡ್ತೀರಿ, ಅಬ್ಬಾಗ ಮಾಡ್ರಿ” ಎಂದು ಇಟ್ಟಳು. ಕಿಟಕಿಯಾಚೆ ಚಾಚಾ ಅವಳ ಟೇಪು ಹಿಡಿದು ಗೆರೆ ಎಳೆಯುತ್ತಿದ್ದರು, ಎಳೆದ ಪ್ರತಿಸಲವೂ ಆಫೀಸಿನ ಕಡೆ ಒಂದು ನೋಟ ಬೀರುತ್ತಿದ್ದರು. ಅದನ್ನು ಸಹಿಸುವುದು ಸುಲಭವಿರಲಿಲ್ಲ. ಅವಳಿಗೆ ಕಲ್ಲು ಬೇಕಿತ್ತು. ಒದ್ದೆ ಕಲ್ಲಿನ ಮೇಲೆ ಅಂಗೈ ಊರಿ ಗುರುತು ಹಾಕುವಾಗ ಸಿಗುತ್ತಿದ್ದ ಸುಖ ಬೇರೆ ಯಾವುದರಲ್ಲೂ ಅವಳಿಗೆ ಸಿಕ್ಕಿರಲಿಲ್ಲ.

ಜಮೀರನನ್ನು ಮನಸ್ಸಿನಲ್ಲೇ ಎಷ್ಟು ಬೈದರೂ ಒಂದು ನೆನಪು ಮಾತ್ರ ಮತ್ತೆ ಮತ್ತೆ ಅಡ್ಡ ಬರುತ್ತಿತ್ತು. ಆ ಆರ್ಡರ್ ಬಂದ ದಿನ, ಇಂಚೋ ಫೂಟೋ ಎಂಬ ಗುರುತೇ ಇಲ್ಲದ ಆ ಅಂಕಿ ನೋಡಿ ಅವಳಿಗೂ ಅನುಮಾನ ಬಂದಿತ್ತು. ಕೈ ಫೋನಿನತ್ತ ಹೋಗಿತ್ತು. ಆಗಲೇ ಹೊರಗೆ ಚಾಚಾ ಯಾರಿಗೋ ಹೇಳುವುದು ಕೇಳಿಸಿತು: “ಗಿರಾಕೀನ ಕೇಳದ ಒಂದು ಗೆರಿ ಎಳಿಯಾಕ ಬರಂಗಿಲ್ಲ ನಮ್ಮ ಹುಡುಗಿಗೆ.” ಅವಳು ಫೋನು ಕೆಳಗಿಟ್ಟು, ಟೇಪು ಎತ್ತಿಕೊಂಡು ಎದ್ದಿದ್ದಳು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೈಟಿನ ತಪ್ಪನ್ನು ಅಬ್ಬಾನ ಮುಂದೆ ತಾನೇ ಹೇಳಲು ಬಾಯಿ ಬರದಿದ್ದುದೂ ಇದಕ್ಕೇ.

ಶುಕ್ರವಾರ ನಮಾಜು ಮುಗಿಸಿ ಅಣ್ಣ ತಮ್ಮ ಇಬ್ಬರೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಬಾಶಿರಾ ಎದುರಿಗೆ ನಿಂತಿದ್ದಳು. ಚಾಚಾ ಗಂಟಲು ಸರಿಮಾಡಿಕೊಳ್ಳುವ ಹೊತ್ತಿಗೆ ಗೇಟಿನಲ್ಲಿ ಬೈಕು ನಿಂತಿತು. ಈ ಸಲ ಅವಳು ಕಣ್ಣು ಒರೆಸಿಕೊಳ್ಳಲಿಲ್ಲ.

ಜಮೀರ ಗಡ್ಡ ಬೋಳಿಸಿರಲಿಲ್ಲ, ಅಂಗಿ ಮುದುಡಿತ್ತು. ಸಲಾಂ ಹೇಳಿ ನೇರ ಮರ್ದಾನಸಾಬರ ಮುಂದೆ ನಿಂತ.

“ತಪ್ಪು ನಂದ್ರಿ ಸಾಹೇಬ್ರ. ಗಿರಾಕಿ ಬರಿಯೋದು ಬ್ಯಾರೆ, ಆರ್ಡರ್ ಕೂಡಿಡೋ ಡೇಟಾಬೇಸಿಗೆ ನಾನು ಕೊಡೋ ಹುಕುಂ ಬ್ಯಾರೆ. ನಾನು ಎರಡನ್ನೂ ಕಲಸಿ ಕಳಿಸ್ತಿದ್ದೆ. ಗಿರಾಕಿ ಒಂದು ಗೆರಿ ಹಾಕಿದ್ರ ಹುಕುಂ ಅಲ್ಲೇ ಮುಗೀತು ಅಂತ ತಿಳಕೊಂಡು ಅದು ಕೆಡ್ತಿತ್ತು. ಕೆಟ್ಟ ಮಂದಿ ಬೇಕಂತ ಆ ಗೆರಿ ಹಿಂದ ತಮ್ಮ ಹುಕುಂ ಸೇರಿಸಿದ್ರ ನಿಮ್ಮ ಆರ್ಡರ್ ಎಲ್ಲಾ ಅಳಿಸಿ ಹೋಗಬಹುದಿತ್ತು.”

“ಮತ್ತ ಏನ್ ಮಾಡಬೇಕಿತ್ತಪ?” ಎಂದರು ಮರ್ದಾನಸಾಬರು.

“ಎರಡನ್ನೂ ಬ್ಯಾರೆ ಬ್ಯಾರೆ ಕಳಸಬೇಕಿತ್ರಿ. ಆವಾಗ ಯಾವ ಗುರುತು ಬಂದ್ರೂ ಅಂಜಿಕಿ ಇಲ್ಲ, ಬರದದ್ದು ಹೆಂಗಿತ್ತೋ ಹಂಗ ಉಳೀತದ. ಭಾಳ ಕೆಲಸ ಅಂತ ನಾನು ಗುರುತ ಅಳಿಸಿಬಿಟ್ಟೆ. ನಾಲ್ಕು ಫೂಟು ಆರು ಇಂಚು ನಲವತ್ತಾರಾಯ್ತು. ನಿಮ್ಮ ಸೈಟ್ ಈಗ ಸರಿ ಮಾಡೇನಿ. ಉಳಿದ ಹದಿನೈದು ಮಂದಿಗೂ ಫೋನ್ ಮಾಡಿ ಹೇಳೇನಿ. ಐದು ಮಂದಿ ಬಿಟ್ಟು ಹೋದ್ರು.”

ಹದಿನಾರರಲ್ಲಿ ಐದು. ಮುಬಾಶಿರಾ ಜಮೀರನ ಮುಖ ನೋಡಿದಳು. ಅವನು ಅವಳ ಕಡೆ ನೋಡಲೇ ಇಲ್ಲ.

ರಾಜಾಸಾಬರಿಗೆ ಮಾತ್ರ ಇದು ರುಚಿಸಲಿಲ್ಲ. “ಅಂದ್ರ ನಮ್ಮ ಹುಡುಗಿದು ಏನೂ ತಪ್ಪಿಲ್ಲಂತಿ?”

“ಏನೂ ಇಲ್ರಿ.”

“ಐತಿ” ಎಂದಳು ಮುಬಾಶಿರಾ.

ಮೂವರೂ ಅವಳತ್ತ ತಿರುಗಿದರು. ಸುಮ್ಮನಿದ್ದಿದ್ದರೆ ಟೇಪು ಅವಳ ಕೈಗೆ ತಾನಾಗಿ ಬರುತ್ತಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೂರು ದಿನ ಒಬ್ಬನನ್ನು ಹೇಡಿ ಎಂದು ಬೈದು, ಅವನು ಬಾಯಿಬಿಟ್ಟ ದಿನ ತಾನು ಬಾಯಿ ಮುಚ್ಚಿಕೊಂಡು ನಿಲ್ಲುವುದು ಅವಳಿಂದ ಆಗಲಿಲ್ಲ.

“ಆ ಅಂಕಿ ನೋಡಿದಾಗ ನನಗೂ ಅನುಮಾನ ಬಂದಿತ್ತು ಅಬ್ಬಾ. ಫೋನ್ ಮಾಡಿ ಕೇಳಬೇಕಿತ್ತು. ಕೇಳಿದ್ರ ಚಾಚಾ ಆಡ್ಕೋತಾರಂತ ಕೇಳಲಿಲ್ಲ. ಇವರು ಗೆರಿ ಅಳಿಸಿದ್ರು, ನಾನು ಅನುಮಾನ ಇದ್ದೂ ಕೊಯ್ಸಿದೆ.”

ರಾಜಾಸಾಬರು ಬಾಯಿ ತೆರೆದರು. ಮರ್ದಾನಸಾಬರು ಎಡಗೈ ಎತ್ತಿ ತಮ್ಮನನ್ನು ತಡೆದರು. ಮಗಳನ್ನು ಹತ್ತಿರ ಕರೆದರು.

“ಇನ್ನಮ್ಯಾಲೆ ಕೇಳ್ತೀಯೇನು?”

“ಕೇಳ್ತೀನಿ. ಯಾರು ಏನ ಅನ್ಲಿ, ಹತ್ತು ಸಲ ಕೇಳ್ತೀನಿ.”

“ನಮ್ಮಲ್ಲಿ ಕಲ್ಲು ಕೆಡಿಸಿದಾವ್ರು ಗಿರಾಕಿ ಹೊಸ್ತಿಲಕ್ಕ ಹೋಗಿ ತಾವ ಹೇಳಬೇಕು. ನಮ್ಮಪ್ಪನ ಕಾಲದಿಂದ ಅದ ರಿವಾಜು. ಇಬ್ರೂ ನಡೀರಿ, ನಾನೂ ಬರ್ತೀನಿ.” ಕುರ್ಚಿಯಿಂದ ಏಳುತ್ತ ಅವರು ತಮ್ಮನ ಕಡೆ ಕೈ ಚಾಚಿ ಟೇಪು ಇಸಿದುಕೊಂಡರು. “ಹೊಸಾ ಹನ್ನೆರಡಕ್ಕ ಈಕೀನ ಗುರುತು ಹಾಕ್ತಾಳ.”

ಯಲಬುರ್ಗಾದ ದಾರಿಯುದ್ದಕ್ಕೂ ಗೂಡ್ಸ್ ಗಾಡಿಯನ್ನು ಮುಬಾಶಿರಾಳೇ ಓಡಿಸಿದಳು. ಪಕ್ಕದಲ್ಲಿ ಅಬ್ಬಾ, ಹಿಂದೆ ಬೈಕಿನಲ್ಲಿ ಜಮೀರ. ಸೈಡ್ ಕನ್ನಡಿಯಲ್ಲಿ ಅವನು ಕಂಡಾಗಲೆಲ್ಲ ಗಾಡಿಯ ವೇಗ ಹೆಚ್ಚಿಸುತ್ತಿದ್ದಳು, ಕಾಣದಿದ್ದಾಗ ಕಡಿಮೆ ಮಾಡುತ್ತಿದ್ದಳು. ಅಬ್ಬಾ ಇದನ್ನು ಗಮನಿಸಿದರೋ ಇಲ್ಲವೋ, ಹೊರಗೆ ಜೋಳದ ಹೊಲ ನೋಡುತ್ತ ಕೂತಿದ್ದರು.

ಹಾಸ್ಟೆಲ್ಲಿನ ವಾರ್ಡನ್ ಪಕೀರಮ್ಮ ಮೇಡಂ ಬಾಗಿಲಲ್ಲೇ ನಿಲ್ಲಿಸಿದರು. “ನಮ್ಮ ಹುಡುಗ್ಯಾರು ಇನ್ನೂ ನೆಲದ ಮ್ಯಾಲೆ ಕುಂತು ಉಣ್ಣಾಕತ್ಯಾರ. ತಪ್ಪು ಯಾರದು ಅಂತ ಹೇಳ್ರಿ, ಅವರಿಗೆ ಬೈತೀನಿ.”

“ನಂದ್ರಿ” ಎಂದರು ಇಬ್ಬರೂ ಒಟ್ಟಿಗೆ.

“ಛಲೋ ಆತು, ಇಬ್ರೂ ಕೇಳ್ರಿ” ಎಂದು ಅವರು ಉಸಿರು ಬಿಡದೆ ಬೈದರು. ಮುಬಾಶಿರಾ ಕೇಳಿದಳು, ಜಮೀರ ಕೇಳಿದ. ಕೊನೆಗೆ ಹತ್ತು ದಿನದಲ್ಲಿ ಹೊಸ ಕಲ್ಲು ತರುವ ಮಾತು ಪಡೆದು, ಮೇಡಂ ಮರ್ದಾನಸಾಬರನ್ನು ಮಾತ್ರ ಒಳಗೆ ಚಹಾಕ್ಕೆ ಕರೆದರು.

ಅಂಗಳದ ಬೇವಿನ ನೆರಳಲ್ಲಿ ಇಬ್ಬರೇ ಉಳಿದರು.

“ಅವತ್ತ ಹೇಡಿ ಅಂದ್ರಿ” ಎಂದ ಜಮೀರ.

“ಅಂದೆ. ಮೂರು ದಿನ ಹೇಡೀನ ಆಗಿದ್ರಿ.”

“ನಾಲ್ಕನೇ ದಿನ?”

ಅವಳು ಓರೆಗಣ್ಣಿನಿಂದ ಅವನನ್ನು ನೋಡಿದಳು. ಬೆಳೆದ ಗಡ್ಡ, ನಿದ್ದೆಗೆಟ್ಟ ಕಣ್ಣು, ಮೂಗಿನ ಮೇಲೆ ಜಾರಿದ ಕನ್ನಡಕ. ಕೈ ಚಾಚಿ ಅದನ್ನು ಸರಿಮಾಡಬೇಕು ಅನ್ನಿಸಿತು. ದುಪಟ್ಟಾದ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನಾಲ್ಕನೇ ದಿನ ನೀವು ಬರಲಿಕ್ಕಿಲ್ಲ ಅಂತ ಅಂಜಿದ್ದೆ. ಟೇಪು ಹೋಗೋದಕ್ಕಿಂತ ಅದಕ್ಕ ಹೆಚ್ಚು ಅಂಜಿದ್ದೆ.”

ಜಮೀರ ತಬ್ಬಿಬ್ಬಾದ. ಅವನು ಬಂದದ್ದು ಬೈಗುಳಕ್ಕೆ ಸಿದ್ಧನಾಗಿ. “ನಾನೂ... ನಿಮ್ಮ ಸಿಟ್ಟು ಇಳಿದಮ್ಯಾಲೆ ಒಂದು ಮಾತು ಕೇಳಬೇಕಂತ ಮಾಡಿದ್ದೆ” ಎಂದ.

“ಸಿಟ್ಟು ಇಳಿದಿಲ್ಲ.”

“ಹಂಗಾದ್ರ ಕಾಯ್ತೀನ್ರಿ.”

“ಕಾಯಬ್ಯಾಡ್ರಿ, ಮುದುಕ ಆಗ್ತೀರಿ. ಸಿಟ್ಟಿನಾಗ ಕೇಳ್ರಿ.”

ಅವನು ಕೇಳಿದ. ಮಾತು ಎರಡು ಸಲ ತಡವರಿಸಿತು. “ನಮ್ಮ ಅಮ್ಮೀನ ನಿಮ್ಮ ಮನಿಗೆ ಕಳಸಲೇನ್ರಿ?”

ಅವಳ ಮುಖಕ್ಕೆ ರಕ್ತ ನುಗ್ಗಿತು. ಆದರೂ ಧ್ವನಿ ಸಡಿಲಾಗಲಿಲ್ಲ. “ಕಳಸ್ರಿ. ಮೊದಲ ಅವರಿಗೆ ಎಲ್ಲಾ ಹೇಳಿರಬೇಕು. ಐದು ಗಿರಾಕಿ ಬಿಟ್ಟು ಹೋದದ್ದು, ಯಾಕ ಹೋದ್ರು ಅನ್ನೋದು, ನಾನೂ ಕೆಡಿಸಿದ್ದು. ಒಂದೂ ಮುಚ್ಚಿಡಬಾರ್ದು.”

“ಹುಡುಗಿ ಭಾಳ ಬೈತಾಳ ಅನ್ನೋದೂ ಹೇಳಬೇಕೇನ್ರಿ?”

“ಅದನ್ನ ಮೊದಲ ಹೇಳ್ರಿ” ಎಂದು ಮುಬಾಶಿರಾ ಮುಖ ತಿರುಗಿಸಿಕೊಂಡು ಗಾಡಿಯತ್ತ ನಡೆದಳು, ಮತ್ತು ಬಾಗಿಲು ಹಾಕಿಕೊಳ್ಳುವವರೆಗೂ ನಗು ತಡೆದುಕೊಂಡಳು.