ಅಂಗೈಯ ಹೊಂಬೊಟ್ಟು

ಬಹಳ ಕಾಲದ ಹಿಂದೆ ಮೈನಾಡು ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟಿದವರ ಬಲ ಅಂಗೈಯಲ್ಲಿ ಪ್ರತಿ ಬೆಳಿಗ್ಗೆ ಒಂದು ಹೊಂಬೊಟ್ಟು ಮೂಡುತ್ತಿತ್ತು. ಒಮ್ಮೆ ಆ ರಾಜ್ಯಕ್ಕೆ ಮಾರುಮೋರೆ ಎಂಬ ಮಾಂತ್ರಿಕ ನುಗ್ಗಿದ. ಮನೆ ಹೊಕ್ಕು ಜನರನ್ನು ನುಂಗಿ, ಅವರದೇ ಮುಖ, ಅವರದೇ ದನಿ ತೊಟ್ಟು ಓಡಾಡುತ್ತಿದ್ದ.

ಆಗ ತುಂಬೆ ಎಂಬ ಹುಡುಗಿ ಕಾವಲಿಗೆ ಸೇರಿದಳು. ಕಾವಲುಪಡೆಯ ಹಿರಿಯ ಬೀರಜ್ಜ ಅವಳಿಗೊಂದು ಮಾಯಾಕತ್ತಿ ಕೊಟ್ಟ. ಎಷ್ಟು ಎಳೆದರೂ ಅದು ಒರೆಯಿಂದ ಬರಲಿಲ್ಲ.

“ಅದಿನ್ನೂ ನಿದ್ದೆಯಲ್ಲಿದೆ. ಒಂದು ವರ್ಷ ಮನೆಮನೆಗೆ ಹೋಗಿ ನಮ್ಮವರ ಅಂಗೈಗೆ ಅಂಗೈ ಒತ್ತು, ಎಚ್ಚರವಾಗುತ್ತೆ” ಎಂದ ಅಜ್ಜ.

“ಕಳ್ಳನ ಮುಖ ತೋರಿಸೋದು ಬಿಟ್ಟು ಇದೇನಜ್ಜ?”

“ಅವನಿಗೆ ಸಾವಿರ ಮುಖ. ಯಾವುದನ್ನ ತೋರಿಸಲಿ? ನಮ್ಮವರನ್ನ ಕಲಿ, ಮಗಳೇ. ಬೊಟ್ಟು ಸಿಗದಿದ್ದರೆ ಕತ್ತಿ ತಾನೇ ಏಳುತ್ತೆ. ಆಗ ಹಣೆ ಮುಟ್ಟಿ ನೋಡು. ಕದ್ದ ಮುಖ ಸುಡುತ್ತಿರುತ್ತೆ. ಸುಟ್ಟರೆ ಮಾತ್ರ ಹೊಡಿ.”

ತುಂಬೆ ಮುಖ ಸಿಂಡರಿಸಿಕೊಂಡೇ ಹೊರಟಳು. ಮೊದಲು ಒತ್ತಿದ್ದು ಅಕ್ಕ ಸಂಪಗಿಯ ಅಂಗೈ. ತಾಯಿಯಿಲ್ಲದ ತುಂಬೆಗೆ ತುತ್ತಿಟ್ಟು ಸಾಕಿದ ಕೈ ಅದು. ವರ್ಷ ತುಂಬಿದ ದಿನ ಕತ್ತಿ ಒರೆಯೊಳಗೆ ಮಿಸುಕಿತು.

ಮಾರುಮೋರೆಯನ್ನು ಹುಡುಕಿ ಹೊರಟವಳಿಗೆ ಮೊದಲು ಕಾಡಿನ ದಾರಿಯಲ್ಲಿ ಕರಡಿಚರ್ಮ ಹೊದ್ದ ಕೆಂಗಣ್ಣಿನವನೊಬ್ಬ ಎದುರಾದ. ಇವನೇ ಎಂದು ತುಂಬೆ ಕತ್ತಿಗೆ ಕೈ ಹಾಕಿದಳು. ಅವನು ಹೆದರಿ ಅಂಗೈ ಚಾಚಿದ. ಬೊಟ್ಟು ತಾಗಿದ್ದೇ ಕತ್ತಿ ಗಪ್ಪನೆ ಕೂತಿತು.

“ನನ್ನ ಮೋರೆ ಕಂಡ್ರೆ ಹೆಂಡತೀನೂ ಬೆಚ್ಚಿಬೀಳ್ತಾಳೆ ತಾಯಿ” ಎಂದು ನಕ್ಕು, ಆ ಜೇನು ಬಿಡಿಸುವವನು ಅವಳಿಗೊಂದು ತುಂಡು ಜೇನುಹುಟ್ಟು ಕೊಟ್ಟ.

ಆಮೇಲೆ ನೀರು ಹೊರುವ ಮುದುಕನೊಬ್ಬ ಸಿಕ್ಕ. ಅವನ ಅಂಗೈ ಬರಿದು! ಕತ್ತಿ ಚಂಗನೆ ಹೊರಬಂತು. ತುಂಬೆ ಹಣೆ ಮುಟ್ಟಿದಳು, ತಣ್ಣಗಿತ್ತು.

“ಬಿಂದಿಗೆ ಹೊತ್ತು ಹೊತ್ತು ಬೆಳಿಗ್ಗೆ ಮೂಡಿದ ಬೊಟ್ಟು ಸವೆದುಹೋಯ್ತವ್ವ” ಎಂದ ಮುದುಕ. ತುಂಬೆಗೆ ನಾಚಿಕೆಯಾಯಿತು. ಕತ್ತಿಯನ್ನು ಒರೆಗೆ ಸೇರಿಸಿ, ಬಿಂದಿಗೆಯನ್ನು ತಾನೇ ಹೊತ್ತು ಅವನ ಮನೆ ಮುಟ್ಟಿಸಿದಳು.

ಕೊನೆಗೆ ತನ್ನ ಮನೆಗೆ ಬಂದಳು. ಅಕ್ಕ ಒಲೆಯ ಮುಂದೆ ಕೂತಿದ್ದಳು, ಬಲಗೈ ಸೆರಗಿನೊಳಗೆ.

“ಕೈ ಕೊಡಕ್ಕ.”

“ಸಾಕಿದವಳ ಮೇಲೂ ಅನುಮಾನವೇನೆ?”

ಆದರೂ ತುಂಬೆ ಆ ಕೈ ಎಳೆದು ಅಂಗೈ ಒತ್ತಿದಳು. ಬೊಟ್ಟಿಲ್ಲ. ಹಣೆ ಮುಟ್ಟಿದಳು. ಕಾದ ಹೆಂಚು! ಕತ್ತಿ ಹೊರಬಂತು, ತೋಳು ಮಾತ್ರ ಏಳಲಿಲ್ಲ. ಎದುರಿಗಿದ್ದದ್ದು ಅಕ್ಕನ ಮುಖ, ಅಕ್ಕನ ಕಣ್ಣೀರು. ತುಂಬೆ ಕಣ್ಣು ಮುಚ್ಚಿ, ತಾನು ಮೊದಲು ಕಲಿತ ಅಂಗೈಯನ್ನು ನೆನೆದಳು. ಇದು ಆ ಕೈ ಅಲ್ಲ.

ಅಳುತ್ತಲೇ ಹೊಡೆದಳು.

ಮಾರುಮೋರೆ ಬೂದಿಯಾಗಿ ಉದುರಿದ. ಅವನು ನುಂಗಿದವರೆಲ್ಲ ಒಬ್ಬೊಬ್ಬರಾಗಿ ಬೂದಿ ಕೊಡವಿಕೊಂಡು ಎದ್ದರು. ಕಡೆಯಲ್ಲಿ ಸಂಪಗಿ ಎದ್ದು ಅಂಗೈ ಚಾಚಿದಳು. ಬೊಟ್ಟು ತಾಗಿತು, ಕತ್ತಿ ಮಲಗಿತು.

ಮೈನಾಡಿನವರು ನೆಮ್ಮದಿಯಾಗಿ ಉಂಡು ಬಾಳಿದರು. ತುಂಬೆ ಮಾತ್ರ ದಿನವೂ ಊಟಕ್ಕೆ ಮೊದಲು ಅಕ್ಕನ ಅಂಗೈಗೆ ಅಂಗೈ ಒತ್ತುತ್ತಿದ್ದಳು.

“ಇನ್ನೂ ಅನುಮಾನವೇನೆ?” ಎಂದು ಅಕ್ಕ ರೇಗಿಸಿದರೆ, “ಇಲ್ಲಕ್ಕ, ಕಲೀತಾ ಇದೀನಿ” ಎನ್ನುತ್ತಿದ್ದಳು.