ಹೆಂಗ ನೋಡ್ಲಿಕ್ಕತ್ತಾನ, ಹೇಳು

“ಈಗ ಏನ್ ಮಾಡ್ಲಿಕ್ಕತ್ತಾನ?”

“ನೋಡ್ತಾ ಇದಾನೆ, ಅಜ್ಜಿ.”

“ಹೆಂಗ ನೋಡ್ಲಿಕ್ಕತ್ತಾನ?”

“ಕಣ್ಣಿಂದ.”

ಐದನೇ ಮಹಡಿಯ ಆ ಮನೆಗೆ ಮೊದಲ ಸಲ ಹೋದಾಗ ನನ್ನ ಕಿವಿಗೆ ಬಿದ್ದ ಮಾತು ಇದು. ಅಮ್ಮ ಕೊಟ್ಟು ಕಳಿಸಿದ ಚಟ್ನಿಪುಡಿ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನಗು ತಡೆಯಲಾಗಲಿಲ್ಲ.

ಸೋಫಾದಲ್ಲಿದ್ದವನು ತಿರುಗಿದ. ಕಪ್ಪು ಫ್ರೇಮಿನ ಚಷ್ಮಾ, ಅದರ ಹಿಂದೆ ದಣಿದ ಕಣ್ಣು. “ನಗಬೇಡಿ. ನಿಮಗೆ ಬರತ್ತೆ ಅಂದ್ರೆ ನೀವೇ ಹೇಳಿ.”

ಹಾಗೆ ಶುರುವಾಯಿತು.

ಸರಸ್ವತಿ ಅಜ್ಜಿ ಧಾರವಾಡದವರು. ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಮೂರು ವರ್ಷ. ಮಗ, ಸೊಸೆ ಕೊರೊನಾದ ವರ್ಷ ತೀರಿಕೊಂಡ ಮೇಲೆ ಮನೆಯಲ್ಲಿ ಅಜ್ಜಿ, ಮೊಮ್ಮಗ ಯಶವಂತ್ ಇಬ್ಬರೇ. ಅವನು ಹುಟ್ಟಿದ್ದು, ಬೆಳೆದದ್ದು ಎಲ್ಲಾ ಸೂರತ್ತಿನಲ್ಲೇ. ವರಾಛಾದ ವಜ್ರದ ಕಾರ್ಖಾನೆಯೊಂದರಲ್ಲಿ ಕೆಲಸ. ಕಚ್ಚಾ ಕಲ್ಲಿನೊಳಗೆ ಬಿರುಕು ಎಲ್ಲಿದೆ ಎಂದು ನೋಡಿ, ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕುವುದು. ದಿನವಿಡೀ ನೋಡುವುದೇ ಕೆಲಸವಾದವನಿಗೆ, ನೋಡಿದ್ದನ್ನು ಹೇಳಲು ಕನ್ನಡ ಸಾಲುತ್ತಿರಲಿಲ್ಲ.

ಅಜ್ಜಿಗೆ ಸಂಜೆ ಏಳರ ಧಾರಾವಾಹಿ ಬೇಕೇ ಬೇಕು. ಮಾತು ಕೇಳಿಸುತ್ತದೆ. ಆದರೆ ಧಾರಾವಾಹಿಯಲ್ಲಿ ಮಾತೆಷ್ಟು? ಅರ್ಧಕ್ಕರ್ಧ ಬರೀ ಮ್ಯೂಸಿಕ್ಕು, ಒಬ್ಬರ ಮುಖ ಒಬ್ಬರು ನೋಡುವುದು. ಅದನ್ನು ಹೇಳುವವರು ಬೇಕಿತ್ತು.

ಅಪ್ಪನಿಗೆ ವಿಮಾ ಆಫೀಸಿನಲ್ಲಿ ಟ್ರಾನ್ಸ್‌ಫರ್ ಆಗಿ, ತುಮಕೂರಿನಿಂದ ಸೂರತ್ತಿನ ಅಡಾಜಣ್‌ನ ಈ ಅಪಾರ್ಟ್‌ಮೆಂಟಿಗೆ ನಾವು ಬಂದು ಎರಡು ವರ್ಷ. ಡಿಗ್ರಿ ಮುಗಿದಿತ್ತು, ಕೆಲಸವಿರಲಿಲ್ಲ. ಡೈರಿಗೆ ಬಿಟ್ಟರೆ ಇನ್ಯಾರ ಜೊತೆಗೂ ನಾನು ಹೆಚ್ಚು ಮಾತಾಡಿದವಳಲ್ಲ. ಆ ಮನೆಯಲ್ಲಿ ಮಾತ್ರ ದಿನಾ ಅರ್ಧ ಗಂಟೆ ನನ್ನ ಬಾಯಿ ನನ್ನದಾಗಿರುತ್ತಿರಲಿಲ್ಲ, ಧಾರಾವಾಹಿಯ ಆಕಾಶ್, ಸೌಮ್ಯಾರದಾಗಿರುತ್ತಿತ್ತು.

“ಆಕಾಶ್ ಬಾಗಿಲಿಗೆ ಒರಗಿದಾನೆ ಅಜ್ಜಿ. ಸೌಮ್ಯಾ ಹೂ ಕಟ್ತಿದಾಳೆ. ಅವಳು ತಲೆ ಎತ್ತಿದ ತಕ್ಷಣ ಇವನು ಕ್ಯಾಲೆಂಡರ್ ನೋಡ್ತಾನೆ.”

“ಕಳ್ಳ!” ಅಜ್ಜಿ ತೊಡೆ ತಟ್ಟಿಕೊಳ್ಳುತ್ತಿದ್ದರು. “ಏ ಯಶಾ, ಹಿಂಗ ಹೇಳಬೇಕು ನೋಡು.” ಆಮೇಲೆ ನನ್ನ ಕಡೆ ತಿರುಗಿ, “ಮನಸ್ವಿನಿ ಅಂತ ಪೂರಾ ಹೆಸರು ಅನ್ನೂತನಕ ಸೀನ್ ಮುಗೀತದ, ನಿನ್ನ ಮನು ಅಂತೀನವಾ.”

ಯಶವಂತ್ ಟೀವಿ ನೋಡುತ್ತಿರಲಿಲ್ಲ. ನಾನು ಹೇಳುವಾಗ ನನ್ನನ್ನು ನೋಡುತ್ತಿದ್ದ. ಚಷ್ಮಾ ತೆಗೆದು, ಶರ್ಟಿನ ಅಂಚಿನಲ್ಲಿ ಒರೆಸುತ್ತಾ, ಗಾಜಿನ ಕಡೆ ಕಣ್ಣೇ ಹಾಯಿಸದೆ. ನಾನು ತಿರುಗಿದರೆ ಗಡಬಡಿಸಿ ಹಾಕಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಉಲ್ಟಾ. ಆರು ತಿಂಗಳು ಡೈರಿಯಲ್ಲಿ ಬೇರೇನೂ ಬರೆಯಲಿಲ್ಲ.

ಜೂನ್ ಕೊನೆಯ ವಾರ. ತೆರೆಯ ಮೇಲೆ ಉದ್ದನೆಯ ಮೌನದ ದೃಶ್ಯ. ಅಜ್ಜಿ ಕೇಳಿದರು, “ಹೆಂಗ ನೋಡ್ಲಿಕ್ಕತ್ತಾನ, ಹೇಳು.”

ಹೇಳಿದೆ. “ಚಷ್ಮಾ ತೆಗೆದಿದಾನೆ ಅಜ್ಜಿ. ಒರೆಸ್ತಾನೇ ಇದಾನೆ. ಅದರಲ್ಲಿ ಧೂಳೇ ಇಲ್ಲ. ಕಣ್ಣಿನ ಕೆಳಗೆ ಚಷ್ಮಾದ ಗುರುತು...”

ಅಜ್ಜಿ ತಲೆ ಓರೆ ಮಾಡಿದರು. “ಆಕಾಶ್ ಯಾವಾಗ ಚಷ್ಮಾ ಹಾಕ್ಕೊಂಡ?”

ಆಕಾಶ್‌ಗೆ ಚಷ್ಮಾ ಇರಲಿಲ್ಲ. ನಾನು ನೋಡುತ್ತಿದ್ದದ್ದು ಟೀವಿಯನ್ನಲ್ಲ.

ಯಶವಂತನ ಕೈ ಶರ್ಟಿನ ಅಂಚಿನಲ್ಲೇ ನಿಂತಿತು. ಅಜ್ಜಿ ಮೆಲ್ಲಗೆ ನಗತೊಡಗಿದರು. ನಾನು ಎದ್ದೆ, ಚಪ್ಪಲಿಯನ್ನೂ ಹಾಕಿಕೊಳ್ಳದೆ ಒಂದು ಮಹಡಿ ಇಳಿದು ಮನೆ ಸೇರಿದೆ.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಯಶವಂತ್ ಒಮ್ಮೆ ಬೆಲ್ ಮಾಡಿದಾಗ ಅಮ್ಮನ ಕೈಲಿ ತಲೆನೋವು ಎಂದು ಹೇಳಿಸಿದೆ.

ನಾಲ್ಕನೇ ದಿನ ಸಂಜೆ ಮೇಲಿನಿಂದ ಧಾರಾವಾಹಿಯ ಟೈಟಲ್ ಮ್ಯೂಸಿಕ್ ಕೇಳಿಸಿತು. ನಾನು ನಮ್ಮ ಬಾಗಿಲ ಹಿಂದೆ ನಿಂತಿದ್ದೆ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಗೋಡೆ ಸವರುವ ಸದ್ದು. “ಮನೂ... ಶುರುವಾತವಾ...” ಚಿಲಕಕ್ಕೆ ಕೈ ಹಾಕಿದೆ, ಬಳೆ ಸದ್ದಾಯಿತು, ತೆಗೆಯಲಿಲ್ಲ. ಯಾವ ಮುಖ ಹೊತ್ತು ತೆಗೆಯಲಿ ಎಂದುಕೊಂಡೆ. ಅಷ್ಟರಲ್ಲಿ ಏನೋ ಉರುಳಿದ ಸದ್ದಾಯಿತು. ಆಗ ಬಾಗಿಲು ತೆಗೆದರೆ ಅಜ್ಜಿ ಮೆಟ್ಟಿಲ ತಿರುವಿನಲ್ಲಿ ಬಿದ್ದಿದ್ದರು.

ಯಶವಂತ್ ಅಂದು ಕಾರ್ಖಾನೆಯಿಂದ ಇನ್ನೂ ಬಂದಿರಲಿಲ್ಲ. ಅಜ್ಜಿ ಒಬ್ಬರೇ ನನ್ನನ್ನು ಕರೆಯಲು ಇಳಿದಿದ್ದರು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಹಗಲು ಪೂರ್ತಿ ಜೊತೆಗಿರಲು ಯಾರೂ ಇಲ್ಲವೆಂದು ವಡೋದರಾದಿಂದ ಮಗಳು ಬಂದು ಕರೆದುಕೊಂಡು ಹೋದರು. ಮಗಳ ಮನೆಯಲ್ಲಿ ಕನ್ನಡ ಚಾನೆಲ್ ಇಲ್ಲ. ಮರಿಮಕ್ಕಳಿಗೆ ಗುಜರಾತಿ ಬಿಟ್ಟರೆ ಬೇರೆ ಬರುವುದಿಲ್ಲ.

ಅಪ್ಪನ ಕೈಗೆ ಬಳ್ಳಾರಿಯ ಟ್ರಾನ್ಸ್‌ಫರ್ ಆರ್ಡರ್ ಬಂದದ್ದೂ ಆ ತಿಂಗಳೇ. “ಇನ್ನು ಊರ ಕಡೆ ಕಣೇ. ಎಲ್ಲಾ ಚಾನೆಲ್ಲೂ ಬರತ್ತೆ!” ಎಂದು ಅಮ್ಮ ಹಿಗ್ಗಿದಳು. ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಾ ಕೂತೆ. ಶನಿವಾರ ರೈಲು. ಬಾಗಿಲು ಯಾಕೆ ತೆಗೆಯಲಿಲ್ಲ ಎಂದು ಯಶವಂತನಿಗೆ ಹೇಳದೆ ಹೋದರೆ, ಬಳ್ಳಾರಿಯಲ್ಲೂ ನಾನು ಆ ಬಾಗಿಲ ಹಿಂದೆಯೇ ನಿಂತಿರುತ್ತೇನೆ ಅನ್ನಿಸುತ್ತಿತ್ತು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಶುಕ್ರವಾರ ಏಳಕ್ಕೆ ಐದು ನಿಮಿಷವಿದ್ದಾಗ ಬೆಲ್ ಆಯಿತು. ಯಶವಂತ್. ಕೈಯಲ್ಲಿ ಮೊಬೈಲ್.

“ಅಜ್ಜಿ ಲೈನಲ್ಲಿದಾಳೆ,” ಎಂದ. ಗಡ್ಡ ಬಂದಿತ್ತು. “ಆವತ್ತಿಂದ ನಾನೇ ಫೋನಲ್ಲಿ ಸೀರಿಯಲ್ ಹೇಳ್ತಿದೀನಿ. ಬೈತಾಳೆ. ಇವತ್ತೊಂದಿನ ಬನ್ನಿ, ಪ್ಲೀಸ್.”

ಮೆಟ್ಟಿಲ ತಿರುವಿನಲ್ಲಿ ನನ್ನ ಕಾಲು ನಿಂತಿತು. ಅವನೂ ನಿಂತ. “ನಾನೇನಾದ್ರೂ ತಪ್ಪು ಮಾಡಿದ್ನಾ? ಅದಕ್ಕೇ ಬರೋದು ಬಿಟ್ರಾ?”

“ಇಲ್ಲ,” ಎಂದು ಮೆಟ್ಟಿಲು ಹತ್ತಿದೆ.

ಸೋಫಾದಲ್ಲಿ ಅಜ್ಜಿ ಕೂರುವ ಜಾಗದಲ್ಲಿ ಫೋನ್ ಇಟ್ಟ, ಸ್ಪೀಕರ್ ಹಾಕಿ. ಅತ್ತಲಿಂದ ಗುಜರಾತಿ ಕಾರ್ಟೂನಿನ ಗದ್ದಲ, ಅದರ ನಡುವೆ ಸಣ್ಣಗಾದ ದನಿ.

“ಮನೂ, ಬಂದಿ ಏನವಾ?”

“ಬಂದೆ ಅಜ್ಜಿ. ಆವತ್ತು... ನೀವು ಕರೆದದ್ದು ನಂಗೆ ಕೇಳಿಸಿತ್ತು. ನಾನು ಬಾಗಿಲು ತೆಗೀಲಿಲ್ಲ.”

ಪಕ್ಕದಲ್ಲಿ ಯಶವಂತ್ ಚಷ್ಮಾ ತೆಗೆದ. ಅತ್ತ ಕಾರ್ಟೂನ್ ಕಿರುಚುತ್ತಲೇ ಇತ್ತು.

“ನನಗ ಗೊತ್ತದ,” ಅಂದರು ಅಜ್ಜಿ. “ಬಳಿ ಸಪ್ಪಳ ಕೇಳಿತ್ತು. ಅದಿರ್ಲಿ. ಮ್ಯೂಸಿಕ್ ಬಂತಲ್ಲ, ಈಗ ಹೆಂಗ ನೋಡ್ಲಿಕ್ಕತ್ತಾನ, ಹೇಳು.”

ತೆರೆಯ ಮೇಲೆ ಆಕಾಶ್ ಏನು ಮಾಡುತ್ತಿದ್ದನೋ ನನಗೆ ಗೊತ್ತಿಲ್ಲ.

“ಚಷ್ಮಾ ತೆಗೆದಿದಾನೆ ಅಜ್ಜಿ. ಒರೆಸ್ತಿಲ್ಲ ಇವತ್ತು. ಸುಮ್ನೆ ಹಿಡ್ಕೊಂಡಿದಾನೆ. ನಿದ್ದೆ ಮಾಡಿಲ್ಲ ಅನ್ಸತ್ತೆ. ಸಿಟ್ಟು ಬಂದಿರಬೇಕು, ಆದ್ರೂ... ನೋಡ್ತಿದಾನೆ.”

“ಯಾರ್ನ?”

“ನನ್ನನ್ನ. ನಾನೂ ಅವನನ್ನೇ ನೋಡ್ತಿದ್ದೆ, ಅದು ಗೊತ್ತಾಗಿಬಿಡ್ತು ಅಂತಲೇ ಅಜ್ಜಿ ನಾನು ಬರಲಿಲ್ಲ.”

ವಡೋದರಾದಲ್ಲಿ ಯಾರೋ ಟೀವಿ ಸದ್ದು ತಗ್ಗಿಸಿದರು. “ಹೂಂ,” ಎಂದರು ಅಜ್ಜಿ. “ಆಕಿ? ಆಕಿ ಏನ್ ಮಾಡ್ಲಿಕ್ಕತ್ತಾಳ?”

ಯಶವಂತ್ ಫೋನಿನ ಕಡೆ ಬಾಗಿದ.

“ಅಳ್ತಾ ಇದಾಳೆ, ಅಜ್ಜಿ.”

“ಹೆಂಗ?”

ಕಣ್ಣಿಂದ ಎನ್ನುತ್ತಾನೆ ಎಂದುಕೊಂಡೆ. ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ, ಕಲ್ಲಿನೊಳಗಿನ ಬಿರುಕು ಹುಡುಕುವವನ ಹಾಗೆ. ಆಮೇಲೆ ಒಂದೊಂದೇ ಪದ ಜೋಡಿಸಿ ಹೇಳಿದ:

“ನಾಳೆ ರೈಲು ಇದೆ... ಹೋಗೋಕೆ ಮನಸ್ಸಿಲ್ಲ... ಆ ಥರ, ಅಜ್ಜಿ.”