ಗುಡ್ಡದ ಬಾಗಿಲಿನ ಪರದೆ

ಊಟಕ್ಕೆ ಎಬ್ಬಿಸಲೆಂದು ಯಶೋಧಾ ಕೋಣೆಗೆ ಬಂದರೆ ಹಾಸಿಗೆ ಖಾಲಿ. ತಾಯಿ ದೇವಕ್ಕ ಇಲ್ಲ! ಚಪ್ಪಲಿ ಮಾತ್ರ ಬಾಗಿಲ ಬಳಿ ಇದ್ದವು.

ದೇವಕ್ಕನಿಗೆ ಮರೆವಿನ ಕಾಯಿಲೆ. ಅಮಾವಾಸ್ಯೆಗೆ ಎಲ್ಲಮ್ಮನ ದರ್ಶನವಾಗಲೆಂದು ತಾಯಿ-ಮಗಳು ಸಂಗೊಳ್ಳಿಯಿಂದ ಬಂದು, ಉಗರಗೋಳದಲ್ಲಿ ಅಮೋಘಸಿದ್ದಪ್ಪನ ವಸತಿಗೃಹದಲ್ಲಿ ಇಳಿದಿದ್ದರು. ಹೊರಗೆ ಕಾದ ಹಂಚಿನಂಥ ಬಿಸಿಲು. ಬರಿಗಾಲಿನ ಮುದುಕಿ, ನೀರಿಲ್ಲದೆ ಎಷ್ಟು ಹೊತ್ತು ಬದುಕಿಯಾಳು?

ವಸತಿಗೃಹಕ್ಕೆ ಎರಡು ಬಾಗಿಲು—ಒಂದು ಸವದತ್ತಿ ರಸ್ತೆಗೆ, ಇನ್ನೊಂದು ಎಲ್ಲಮ್ಮನ ಗುಡ್ಡದ ಕಡೆಗೆ. ಒಬ್ಬನೇ ಮೇಸ್ತ್ರಿ ಕಟ್ಟಿದವು, ಒಂದೇ ನೀಲಿ ಗೇಟು, ಅವಳಿಜವಳಿ. ಕ್ಯಾಮೆರಾ ಕೋಣೆಯಲ್ಲಿ ಮೂರು ಪರದೆ: ಎಡಕ್ಕೆ ಗುಡ್ಡದ ಬಾಗಿಲು, ನಡುವೆ ಅಂಗಳ, ಬಲಕ್ಕೆ ಸವದತ್ತಿ ಬಾಗಿಲು. ನೋಡಿಕೊಳ್ಳುವವಳು ಮಂಜುಳಾ.

"ಬಲಗಡೆ ಪರದೆಯಾಗ ಹ್ವಾದದ್ದ ನಾನ ಕಂಡೇನ್ರಿ. ಸವದತ್ತಿ ರಸ್ತಾ ಹಿಡದಾಳ!"

ಎಲ್ಲರೂ ಆ ಕಡೆಗೇ ಓಡಿದರು. ಅಂಗಡಿ, ಬಸ್‌ಸ್ಟ್ಯಾಂಡು, ಕಬ್ಬಿನ ಹೊಲ—ಒಂದನ್ನೂ ಬಿಡಲಿಲ್ಲ. ಮುದುಕಿಯನ್ನು ಕಂಡವರು ಒಬ್ಬರೂ ಇಲ್ಲ. ಹೊತ್ತು ಇಳಿಯತೊಡಗಿತು. ಯಶೋಧಾಳ ದನಿ ಕೂಗಿ ಕೂಗಿ ಬಿದ್ದುಹೋಗಿತ್ತು.

ಸುದ್ದಿ ತಿಳಿದು ಹುಡುಕಾಟಕ್ಕೆ ಬಂದಿದ್ದ ಪಿಎಸ್‌ಐ ನಾಗರತ್ನಾ ಕ್ಯಾಮೆರಾ ಕೋಣೆಗೆ ಮರಳಿದಳು. ಹಿಂದೆಯೇ ಯಶೋಧಾ, ಮಾಲೀಕ ಅಮೋಘಸಿದ್ದಪ್ಪ.

"ಮಂಜುಳಾ, ಆ ಚಿತ್ರ ಇನ್ನೊಮ್ಮೆ ತೋರಸು."

ಮಂಜುಳಾ ಮೌಸ್ ಸರಿಸಿ, ಸಿಟ್ಟಿನಿಂದ ಮೇಜಿಗೆ ಕುಕ್ಕಿದಳು. "ಮುಂಜಾನಿಂದ ಈ ಮೌಸಿಗೆ ಏನೋ ಆಗೇತ್ರಿ. ನಡುವಿನ ಪರದೆಯಿಂದ ಬಲಕ್ಕ ಸರಿಸಿದ್ರ, ಬಾಣ ಎಡಗಡೆ ಪರದೆಯಾಗ ಏಳತೈತಿ!"

"ಎಲ್ಲಾ ಇವನ ಕೆಲಸ!" ಯಶೋಧಾ ಮೂಲೆಯಲ್ಲಿದ್ದ ಗೌರೀಶನತ್ತ ಕೈ ತೋರಿದಳು. "ಇವ ಬಂದು ಕಂಪ್ಯೂಟರ್ ಕೆಡಿಸ್ಯಾನಂತ!"

ಗೌರೀಶ ಕಂಪ್ಯೂಟರ್ ರಿಪೇರಿಯವನು. ಕರೆಂಟು ಹೋಗಿ ಬಂದಾಗಲೆಲ್ಲ ಚಿತ್ರಗಳು ಅದಲುಬದಲಾಗುತ್ತಿದ್ದವು. ಮಂಜುಳಾ ಪ್ರತಿ ಸಲ ಕಣ್ಣಿಟ್ಟು ನೋಡಿ, ಒಂದೊಂದನ್ನೇ ಎಳೆದು ಸರಿಮಾಡುತ್ತಿದ್ದಳು. ಆ ರಗಳೆ ತಪ್ಪಲೆಂದು ಹೋದ ವಾರ ಅವನು ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದ. ಈಗ ಎಲ್ಲವೂ ತಾನೇ ಜೋಡಿಸಿಕೊಳ್ಳುತ್ತದೆ.

"ಅದಕ್ಕ ಯಾವ ಪರದೆಯಾಗ ಯಾವ ಚಿತ್ರ ಅಂತ ಹೆಂಗ ಗೊತ್ತಾಗತೈತಿ?" ನಾಗರತ್ನಾ ಕೇಳಿದಳು.

"ಪ್ರತಿ ಪರದೆಗೂ ಒಂದ ನಂಬರ್ ಇರತೈತ್ರಿ ಮೇಡಮ್. ನಂಬರ್ ನೋಡಿ ಚಿತ್ರ ಹಾಕತೈತಿ."

"ಪರದೆ ಎಲ್ಲಿ ಕುಂತೈತಿ ಅಂತ ನೋಡೂದಿಲ್ಲ?"

"ಅದು ಹೆಂಗ ನೋಡೀತ್ರಿ? ಅದಕ್ಕೇನ ಕಣ್ಣ ಅದಾವ?"

ನಾಗರತ್ನಾ ಬಲಗಡೆಯ ಪರದೆಗೆ ಬಗ್ಗಿದಳು. ಚೌಕಟ್ಟಿನ ಮೂಲೆಯಲ್ಲಿ ಹಳೆಯ ಹಳದಿ ಕಲೆ, ಅದರ ಮೇಲೆ ಹೊಸದಾಗಿ ಹಚ್ಚಿದ ಭಂಡಾರ, ಎಲ್ಲಮ್ಮನ ಅರಿಶಿನ.

"ಭಂಡಾರ ಇದೊಂದಕ್ಕ ಯಾಕ?"

"ಅದರಾಗ ಗುಡ್ಡದ ದಾರಿ ಕಾಣತೈತಲ್ರಿ," ಎಂದಳು ಮಂಜುಳಾ. "ಪ್ರತಿ ಅಮಾಸಿಗೂ, ಇವತ್ತ ಮುಂಜಾನಿನೂ, ಪೂಜಿಗೆ ಸಾವ್ಕಾರ್ರು ಅದಕ್ಕಷ್ಟ—"

ಮಾತು ಅರ್ಧಕ್ಕೇ ನಿಂತಿತು. ಅವಳು ಆ ಹಳೆಯ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹೌದು. ಗುಡ್ಡದ ಪರದೆ ಬಲಕ್ಕ ಬಂದೈತಿ. ಮುದುಕಿ ಹ್ವಾದದ್ದು ಗುಡ್ಡದ ಕಡಿಗೆ!" ನಾಗರತ್ನಾಳ ದನಿ ಗಡುಸಾಯಿತು. "ಪರದೆಗಳ ಜಾಗ ಅದಲುಬದಲ ಮಾಡ್ಯಾರ. ನಂಬರ್ ಪರದೆ ಜೋಡಿನ ಸರದೈತಿ, ಕಂಪ್ಯೂಟರ್ ಇನ್ನೂ ಹಳೇ ಜಾಗಾನ ನಂಬಕೊಂಡೈತಿ. ಅದಕ್ಕ ಬಲಕ್ಕ ಹೋದ ಬಾಣ ಎಡಕ್ಕ ಏಳತೈತಿ. ಮೊದಲಿನಂಗ ಮಂಜುಳಾ ಕೈಲೆ ಜೋಡಿಸಿದ್ದರ ಈ ತಪ್ಪ ಆಗಲೇ ಸಿಕ್ಕಿಬೀಳತಿತ್ತು. ಪೂಜಿ ಹೊತ್ತಿನ್ಯಾಗ ಪರದೆ ಇಳಿಸಿ ಒರಸಿದವರು ನೀವ ಹೌದಲ್ರಿ, ಅಮೋಘಸಿದ್ದಪ್ಪನವರ?"

ಅಮೋಘಸಿದ್ದಪ್ಪ ಕೈ ಮುಗಿದ. "ನಾನ ಇಟ್ಟೇನ್ರಿ... ದೇವಿ ದಾರಿ ಎಡಕ್ಕ ಇರಬಾರದು, ಬಲಕ್ಕ ಇರಲಿ ಅಂತ. ಎರಡೂ ಒಂದ ನಮೂನಿ ಪರದೆ. ಏನ ಆಗತೈತಿ ಅನಕೊಂಡ್ಯಾ..."

ಭಕ್ತಿಗೂ ಒಂದು ಮಾತು ಹೇಳಿ ಮಾಡುವ ಬುದ್ಧಿ ಬೇಡವೇ? ಕೇಳುತ್ತ ನಿಲ್ಲಲು ಯಶೋಧಾ ಅಲ್ಲಿರಲಿಲ್ಲ. ಗುಡ್ಡದ ಬಾಗಿಲು ದಾಟಿ ಓಡುತ್ತಿದ್ದಳು.

ಕಲ್ಲು ತೆಗೆದ ಹಳೆಯ ಗುಂಡಿಯ ಅಂಚಿನಲ್ಲಿ, ಜಾಲಿಗಿಡದ ಅರೆನೆರಳಿನಲ್ಲಿ ದೇವಕ್ಕ ಬಿದ್ದಿದ್ದಳು. ಪಾದ ಬೊಬ್ಬೆಯೆದ್ದಿದ್ದವು, ತುಟಿ ಒಡೆದಿದ್ದವು. ಉಸಿರಿತ್ತು. ಯಶೋಧಾ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹನಿಸಿದಳು.

ದೇವಕ್ಕ ಕಣ್ಣು ತೆರೆದು ಅವಳನ್ನೇ ನೋಡಿದಳು.

"ಯಾರವ್ವಾ ನೀನು? ಪುಣ್ಯ ಬರಲಿ ನಿನಗ. ನೀ ಹೋಗು, ತಂಗಿ. ನನ್ನ ಮಗಳು ಯಶೋಧಾ ಬರತಾಳ. ಆಕಿ ದಾರಿ ತಪ್ಪೂದಿಲ್ಲ."

"ತಪ್ಪಿತ್ತವ್ವಾ," ಎಂದು ಯಶೋಧಾ ಬಿಕ್ಕಿದಳು. "ಈಗ ಬಂದೇನಿ."